ವ್ಯಾನಿನ ಪಕ್ಕಕ್ಕೆ ಕಡಿಮೆ ಖರ್ಚಿನ ಚಪ್ಪರ ಯಾವುದು?

ಪ್ರಶ್ನೆ: ನಮ್ಮ ಟೆಂಪೊ ಟ್ರಾವೆಲರನ್ನು ಮಲಗುವ ವ್ಯಾನಾಗಿ ಮಾರ್ಪಡಿಸಿದ್ದೇವೆ. ಮಳೆಗಾಲದಲ್ಲಿ ಬಾಗಿಲ ಬಳಿ ಅಡುಗೆ ಮಾಡಲು, ಸುರುಳಿ ಬಿಚ್ಚುವ ದುಬಾರಿ ಚಾವಣಿಯ ಬದಲು ಏನನ್ನು ಕೊಳ್ಳಬಹುದೆಂದು ಬಲ್ಲವರು ದಯವಿಟ್ಟು ತಿಳಿಸುವಿರಾ?

ಉತ್ತರ 1: ಅಂಚಿನಲ್ಲಿ ಲೋಹದ ಬಳೆಗಳಿರುವ 200 ಜಿಎಸ್‌ಎಂ (ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ) ತಾಡಪಾಲು ಸಾಕು. ಒಂದು ಬದಿಯನ್ನು ವ್ಯಾನಿನ ಮೇಲಿನ ಕ್ಯಾರಿಯರಿಗೆ ಬಿಗಿದು, ಇನ್ನೊಂದನ್ನು ಎರಡು ಕೋಲುಗಳ ಮೇಲೆ ನಿಲ್ಲಿಸಿ, ಒಂದು ಮೂಲೆಯನ್ನು ಬೇಕೆಂದೇ ತಗ್ಗಿಸಿದರೆ ನೀರು ನಡುವೆ ನಿಲ್ಲದೆ ಅಲ್ಲಿಂದಲೇ ಇಳಿದುಹೋಗುತ್ತದೆ. ನಿಂತರೆ, ಹತ್ತು ಲೀಟರ್ ನೀರೆಂದರೆ ಹತ್ತು ಕಿಲೊ ಭಾರ, ಕೋಲುಗಳು ಬಾಗಬಹುದು.

ಉತ್ತರ 2: ಹಸಿರು ನೆರಳುಬಲೆ ಇನ್ನೂ ಅಗ್ಗ, ಆದರೆ ಅದು ಬಿಸಿಲಿಗೆ ಮಾತ್ರ.

ಉತ್ತರ 3: ಯಾವುದನ್ನೇ ಕಟ್ಟಿದರೂ ಒಲೆ ಉರಿಯುವಾಗ ಪಕ್ಕಗಳನ್ನು ದಯವಿಟ್ಟು ಮುಚ್ಚಬೇಡಿ, ಒಲೆಯಿಂದ ಹೊಮ್ಮಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.