ಕುಂಡದ ಮಣ್ಣು, ಗೊಬ್ಬರ, ಹೊಟ್ಟು, ಸುಣ್ಣ: ಯಾವ ಪದಕ್ಕೆ ಯಾವ ವಸ್ತು?

ಪ್ರಶ್ನೆ

ಕಡಿಮೆ ಖರ್ಚಿನಲ್ಲಿ ಕುಂಡಗಳಿಗೆ ಸಾವಯವ ಮಣ್ಣು ಕಲಸಿಕೊಳ್ಳುವ ಬಗ್ಗೆ ಇಂಗ್ಲಿಷಿನಲ್ಲಿರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಟೊಮೆಟೊ, ಮೆಣಸಿನಕಾಯಿ, ಬದನೆಯಂಥ ಗಿಡಗಳಿಗೆ ಬರೆದದ್ದು. ಮೂಲದಲ್ಲಿ ‘ಪಾಟಿಂಗ್ ಮಿಕ್ಸ್’, ‘ಸಾಯಿಲ್’, ‘ಕಾಂಪೋಸ್ಟ್’ ಎಂಬ ಮಾತುಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತವೆ. ‘ವೆಲ್ ರಾಟೆಡ್’ ಎಂಬುದಕ್ಕೆ ‘ಚೆನ್ನಾಗಿ ಕೊಳೆತ’ ಎಂದೂ, ‘ಹಸ್ಕ್’ ಮತ್ತು ‘ಸಾಡಸ್ಟ್’ ಎರಡಕ್ಕೂ ‘ಹೊಟ್ಟು’ ಎಂದೂ, ‘ಲೈಮ್’ಗೆ ‘ಸುಣ್ಣ’ ಎಂದೂ, ‘ಡ್ರೈನೇಜ್’ಗೆ ‘ನೀರು ಇಂಗುವುದು’ ಎಂದೂ ಬಳಸಿದರೆ ಸರಿಯಾದೀತೇ? ಬಲ್ಲವರು ವಸ್ತುವಿನ ಗುಣವನ್ನೂ ಸೇರಿಸಿ ತಿಳಿಸಿದರೆ ಉಪಕಾರ.

ಉತ್ತರ

ನಮಸ್ಕಾರ. ನೀವು ಕೇಳಿದ ಪದಗಳಲ್ಲಿ ಹೆಚ್ಚಿನವು ನಿಘಂಟಿನ ಪ್ರಕಾರ ತಪ್ಪಲ್ಲ. ಆದರೆ ಕೈಪಿಡಿ ಓದುವವರು ಆ ಪದ ನೋಡಿಯೇ ಚೀಲಕ್ಕೆ ಕೈ ಹಾಕುತ್ತಾರೆ. ಹಾಗಾಗಿ ಅರ್ಥ ಅಗಲವಾಗಿರುವ ಪದವನ್ನು ಬಿಟ್ಟು, ಬೇರೆ ವಸ್ತುವಿಗೆ ಜಾಗವೇ ಕೊಡದ ಪದವನ್ನು ಹಿಡಿಯಬೇಕು.

ಮೊದಲು ‘ಕಾಂಪೋಸ್ಟ್’. ಬ್ರಿಟಿಷ್ ಬಳಕೆಯಲ್ಲಿ ಇದಕ್ಕೆ ಕಳಿತ ಗೊಬ್ಬರ ಎಂಬ ಅರ್ಥವೂ ಇದೆ, ಕುಂಡಕ್ಕೆ ತುಂಬುವ ಸಿದ್ಧ ಮಿಶ್ರಣ ಎಂಬ ಅರ್ಥವೂ ಇದೆ. 1930ರ ದಶಕದಲ್ಲಿ ಅಲ್ಲಿ ರೂಪುಗೊಂಡ ಜಾನ್ ಇನ್ನೆಸ್ ಕಾಂಪೋಸ್ಟ್‌ನ ಅಳತೆ 7 ಪಾಲು ಮಣ್ಣು, 3 ಪಾಲು ಪೀಟ್ (ಜೌಗಿನಿಂದ ತೆಗೆದ ಪಾಚಿಯ ಪುಡಿ), 2 ಪಾಲು ದಪ್ಪ ಮರಳು. ಹೆಸರು ಕಾಂಪೋಸ್ಟ್ ಆದರೂ ನಾವು ಕಾಂಪೋಸ್ಟ್ ಎನ್ನುವ ವಸ್ತು ಅದರಲ್ಲಿ ಇಲ್ಲವೇ ಇಲ್ಲ! ‘ಕುಂಡಕ್ಕೆ ಕಾಂಪೋಸ್ಟ್ ತುಂಬಿ’ ಎಂಬ ವಾಕ್ಯ ‘ಕುಂಡಕ್ಕೆ ಗೊಬ್ಬರ ತುಂಬಿ’ ಎಂದಾದರೆ ಎಳೆಯ ಸಸಿಯ ಬೇರು ಲವಣ ತಾಳಲಾರದೆ ಸುಡುತ್ತದೆ, ಎಲೆಯ ಅಂಚು ಕಂದುತ್ತದೆ. ಬರೀ ಗೊಬ್ಬರ ಕೆಲವೇ ತಿಂಗಳಲ್ಲಿ ಕುಸಿದು ಗಾಳಿಯಾಡದಂತೆಯೂ ಆಗುತ್ತದೆ. ಆದ್ದರಿಂದ ಒಟ್ಟು ಮಿಶ್ರಣಕ್ಕೆ ‘ಕುಂಡದ ಮಿಶ್ರಣ’, ಅದರೊಳಗಿನ ಒಂದು ಪಾಲಿಗೆ ‘ಕಳಿತ ಗೊಬ್ಬರ’ ಎಂದು ಬೇರೆ ಬೇರೆ ಇಡಿ. ಮಾತಿನಲ್ಲಿ ಎಲ್ಲರೂ ‘ಕುಂಡದ ಮಣ್ಣು’ ಎನ್ನುವುದು ನಿಜ. ಆದರೆ ಮಣ್ಣೂ ಒಂದು ಪಾಲಾಗಿರುವ ಕಡೆ ಆ ಹೆಸರು ಗೊಂದಲಕ್ಕೆ ದಾರಿ.

‘ಕಳಿತ’ ಮತ್ತು ‘ಕೊಳೆತ’ ಎರಡರ ನಡುವಿನ ವ್ಯತ್ಯಾಸ ದಯವಿಟ್ಟು ಉಳಿಸಿಕೊಳ್ಳಿ. ಗಾಳಿಯಾಡಿ ಹದವಾಗಿ ಮಾಗಿದ್ದು ಕಳಿತ ಗೊಬ್ಬರ: ಕಪ್ಪು ಕಂದು ಬಣ್ಣ, ಮಳೆ ಬಿದ್ದ ನೆಲದ ವಾಸನೆ, ಹುಲ್ಲು ಸಗಣಿಗಳ ಗುರುತು ಸಿಗದಷ್ಟು ಪುಡಿ, ರಾಶಿಯೊಳಗೆ ಕೈಯಿಟ್ಟರೆ ತಂಪು. ಗಾಳಿಯಿಲ್ಲದೆ ನೀರಿನಲ್ಲಿ ನೆನೆದು ನಾರುವುದು ಕೊಳೆತದ್ದು. ಮೂಗಿಗೆ ಅಮೋನಿಯದ ಘಾಟು ಹೊಡೆದರೆ ಅದು ಇನ್ನೂ ಕಳಿತಿಲ್ಲ ಎಂದೇ ಲೆಕ್ಕ. ಕುಂಡದಲ್ಲಿ ಅದು ಬಿಸಿಯೇರಿ ಬೇರನ್ನು ಕೊಲ್ಲುತ್ತದೆ.

ಎರೆಹುಳುವಿನ ಗೊಬ್ಬರಕ್ಕೆ ‘ಎರೆಗೊಬ್ಬರ’ ಎನ್ನಿ, ಎಂದಿಗೂ ‘ಎರೆಮಣ್ಣು’ ಎನ್ನಬೇಡಿ. ಎರೆಮಣ್ಣು ಅಂದರೆ ಕಪ್ಪು ಜೇಡಿ ಭೂಮಿಯ ಮಣ್ಣು. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವ ಆ ಮಣ್ಣಿನಷ್ಟು ಕುಂಡಕ್ಕೆ ಒಗ್ಗದ್ದು ಇನ್ನೊಂದಿಲ್ಲ. ಬಿರಿದಾಗ ಎಳೆಬೇರು ಹರಿಯುತ್ತದೆ, ಹಾಕಿದ ನೀರು ಬಿರುಕಿನಲ್ಲೇ ಇಳಿದುಹೋಗಿ ನಡುವಿನ ಹೆಂಟೆ ಒಣಗಿಯೇ ಇರುತ್ತದೆ.

‘ಹೊಟ್ಟು’ ಎಂದಷ್ಟೇ ಬರೆದರೆ ಸಾಲದು. ಭತ್ತದ ಹೊಟ್ಟು ಸಿಲಿಕ ತುಂಬಿದ ಗಟ್ಟಿ ಸಿಪ್ಪೆ. ನಿಧಾನವಾಗಿ ಕಳಿಯುತ್ತದೆ, ಮಿಶ್ರಣದಲ್ಲಿ ಗಾಳಿಗೆ ಜಾಗ ಮಾಡಿಕೊಡುತ್ತದೆ. ದುಬಾರಿ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಬದಲಿಗೆ ಬಳಸಲು ಇದರಷ್ಟು ಅಗ್ಗದ್ದು ಸಿಗುವುದು ಕಷ್ಟ. ಮರದ ಹೊಟ್ಟಿನ ಗುಣವೇ ಬೇರೆ. ಅದರಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಅದನ್ನು ಕಳಿಯುವಂತೆ ಮಾಡಲು ಹೊರಟ ಸೂಕ್ಷ್ಮಜೀವಿಗಳು ಮಿಶ್ರಣದಲ್ಲಿದ್ದ ಸಾರಜನಕವನ್ನೆಲ್ಲ ಹೀರಿಕೊಳ್ಳುತ್ತವೆ. ಗಿಡದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ, ಬೆಳವಣಿಗೆ ನಿಲ್ಲುತ್ತದೆ. ಹೀಗಾಗಿ ಒಂದಕ್ಕೆ ‘ಭತ್ತದ ಹೊಟ್ಟು’, ಇನ್ನೊಂದಕ್ಕೆ ‘ಮರದ ಪುಡಿ’ ಎಂದು ಪ್ರತಿಸಲವೂ ಪೂರ್ತಿ ಬರೆಯಿರಿ. ತೌಡು ಇವೆರಡೂ ಅಲ್ಲ. ಅದನ್ನು ಕಲಸಿದರೆ ಹುದುಗಿ ಬಿಸಿಯಾಗುತ್ತದೆ.

ಅಳತೆಯ ‘ಪಾರ್ಟ್’ಗೆ ‘ಪಾಲು’ ಚೆನ್ನಾಗಿ ಹೊಂದುತ್ತದೆ. ಅದು ತೂಕವಲ್ಲ, ಗಾತ್ರ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿಬಿಡಿ. ಒಂದು ಕಿಲೋ ಮಣ್ಣು ಒಂದು ಲೀಟರನ್ನೂ ತುಂಬದಿರಬಹುದು. ಒಣಗಿಸಿ ಒತ್ತಿದ ಐದು ಕಿಲೋ ತೆಂಗಿನ ನಾರಿನ ಪುಡಿ ನೆನೆದರೆ ಸುಮಾರು 70 ಲೀಟರ್ ಆಗುತ್ತದೆ. ಎಲ್ಲಕ್ಕೂ ಒಂದೇ ಬಕೆಟ್ ಹಿಡಿದು ಅಳೆಯುವುದೇ ಸರಿ. ಉದಾಹರಣೆಗೆ ತೋಟದ ಮೇಲ್ಮಣ್ಣು 10 ಲೀಟರ್, ನೆನೆಸಿ ಹಿಂಡಿದ ನಾರಿನ ಪುಡಿ 8 ಲೀಟರ್, ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 6 ಲೀಟರ್, ಭತ್ತದ ಹೊಟ್ಟು 6 ಲೀಟರ್. ಇದಕ್ಕೆ ಬೇವಿನ ಹಿಂಡಿ 100 ರಿಂದ 150 ಗ್ರಾಂ, ಮೂಳೆಪುಡಿ 60 ರಿಂದ 90 ಗ್ರಾಂ. ಕಲಸಿದ ಮೇಲೆ 30 ಲೀಟರ್ ಸಿಗುವುದಿಲ್ಲ, ಸಣ್ಣ ಕಣಗಳು ದೊಡ್ಡವುಗಳ ಸಂದಿಗೆ ಇಳಿಯುವುದರಿಂದ ಒಟ್ಟು ಕಡಿಮೆಯಾಗುತ್ತದೆ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಮುರಿಯದೆ ಉದ್ದದ ಬತ್ತಿ ಬಂದರೆ ಜೇಡಿ ಹೆಚ್ಚಿದೆ ಎಂದರ್ಥ; ಆಗ ಮಣ್ಣನ್ನು 6 ಲೀಟರಿಗೆ ಇಳಿಸಿ, ಹೊಟ್ಟನ್ನು 10ಕ್ಕೆ ಏರಿಸಬೇಕು.

ಹಿಂಡಿ ಹಾಕಿದ ಮಿಶ್ರಣವನ್ನು ಕೂಡಲೇ ತುಂಬಬಾರದು. ನೀರು ಚಿಮುಕಿಸಿ, ರಾಶಿ ಹಾಕಿ, ಗೋಣಿಚೀಲ ಹೊದಿಸಿ ಎರಡು ವಾರ ಬಿಡಬೇಕು, ನಾಲ್ಕೈದು ದಿನಕ್ಕೊಮ್ಮೆ ಮೇಲೆ ಕೆಳಗೆ ಮಾಡಬೇಕು. ಬಿಳಿ ಬೂಷ್ಟು ಕಂಡರೆ ಭಯ ಬೇಡ, ಅದು ಹಿಂಡಿ ಕಳಿಯುತ್ತಿರುವ ಗುರುತು. ಎರಡು ವಾರವಾದರೂ ನಡುವೆ ಬಿಸಿ ಇದ್ದರೆ ಇನ್ನೂ ಕಾಯಬೇಕು. ನಿಮ್ಮ ಮೂಲದಲ್ಲಿ ಇದಕ್ಕೆ ‘ಕುಕಿಂಗ್’ ಎಂದಿದ್ದೀತು. ‘ಬೇಯಿಸುವುದು’ ಎಂದು ಬರೆದರೆ ಓದುಗರು ಒಲೆಯ ಮೇಲಿಟ್ಟಾರು. ‘ಮಾಗಲು ಬಿಡುವುದು’ ಎಂದರೆ ಸಾಕು.

‘ಮಾಯಿಸ್ಟ್’ ಎಂಬುದಕ್ಕೆ ‘ತೇವ’ ಬೇಡ, ನಮ್ಮಲ್ಲಿ ‘ಹದ’ ಎಂಬ ಪದವೇ ಇದೆ. ಹಿಡಿ ಮಿಶ್ರಣ ತೆಗೆದು ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಬೇಕು. ಮುಷ್ಟಿ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಉದುರಬೇಕು. ಉಂಡೆಯೇ ಕಟ್ಟದಿದ್ದರೆ ಒಣಗಿದೆ, ಧಾರೆಯಾಗಿ ಸೋರಿದರೆ ಹದ ಮೀರಿದೆ.

ಇನ್ನೊಂದು ಉತ್ತರ

ಮೇಲಿನದಕ್ಕೆ ಸುಣ್ಣ ಮತ್ತು ಬಸಿತದ ಮಾತು ಸೇರಿಸುತ್ತೇನೆ. ‘ಲೈಮ್’ ಎಂದು ತೋಟಗಾರಿಕೆಯಲ್ಲಿ ಹೇಳುವುದು ಸುಣ್ಣಕಲ್ಲಿನ ಪುಡಿಗೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿಗೆ. ಬರೀ ‘ಸುಣ್ಣ’ ಎಂದರೆ ಓದುಗರ ಕೈ ಗೋಡೆಗೆ ಬಳಿಯುವ ಅರಳಿದ ಸುಣ್ಣಕ್ಕೆ ಹೋಗುತ್ತದೆ. ಅದು ತೀಕ್ಷ್ಣ ಕ್ಷಾರ, ಬೇರನ್ನೂ ಕೈಯನ್ನೂ ಸುಡುತ್ತದೆ. ‘ಸುಣ್ಣಕಲ್ಲಿನ ಪುಡಿ’ ಎಂದೇ ಬರೆಯಬೇಕು.

ಅದಕ್ಕಿಂತ ಮುಖ್ಯವಾಗಿ, ಮೂಲದಲ್ಲಿ ಅದನ್ನು ಏಕೆ ಹಾಕಲು ಹೇಳಿದ್ದಾರೆ ನೋಡಿ. ಪೀಟ್ ಎಂಬುದು ಜೌಗಿನಲ್ಲಿ ಅರೆಬರೆ ಕಳಿತ ಪಾಚಿ, ಅದರ ಪಿಎಚ್ (ಹುಳಿ–ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಹುಳಿ, ಹೆಚ್ಚು ಕ್ಷಾರ) ಸುಮಾರು 4. ಆ ಹುಳಿಯನ್ನು ತಗ್ಗಿಸಲೆಂದು ಸುಣ್ಣಕಲ್ಲು. ‘ಕೊಕೊಪೀಟ್’ನಲ್ಲಿ ಪೀಟ್ ಇಲ್ಲ. ಅದು ತೆಂಗಿನ ಸಿಪ್ಪೆಯ ಪುಡಿ, ಮೇಲೆ ಹೇಳಿದ ನಾರಿನ ಪುಡಿಯೇ; ಅದರ ಪಿಎಚ್ ಸಾಮಾನ್ಯವಾಗಿ 5.5 ರಿಂದ 6.5. ಪೀಟ್ ಬದಲು ನಾರಿನ ಪುಡಿ ಹಾಕಿ ಸುಣ್ಣಕಲ್ಲನ್ನು ಹಾಗೆಯೇ ಉಳಿಸಿದರೆ ಪಿಎಚ್ 7 ದಾಟಬಹುದು. ಆಗ ಕಬ್ಬಿಣ ಸಿಗದೆ ಎಳೆಯ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ, ಮೂಳೆಪುಡಿಯ ರಂಜಕವೂ ಕರಗುವುದಿಲ್ಲ. ಪದ ಬದಲಿಸುವಾಗ ಅಳತೆಯೂ ಬದಲಾಗಬೇಕಾದ ಜಾಗ ಇದು. ಬೂದಿಯೂ ಕ್ಷಾರವೇ, 30 ಲೀಟರಿಗೆ ಒಂದು ಹಿಡಿ ಮೀರದಿರಲಿ. ನಾರಿನ ಪುಡಿಯಲ್ಲಿ ಉಪ್ಪಿರುತ್ತದೆ. ಎರಡು ಮೂರು ನೀರಿನಲ್ಲಿ ತೊಳೆದು ಹಿಂಡುವ ಸಾಲನ್ನು ಅನುವಾದದಲ್ಲಿ ಬಿಡಬೇಡಿ.

‘ಡ್ರೈನೇಜ್’ಗೆ ‘ಇಂಗುವುದು’ ಒಗ್ಗದು. ನೀರು ಒಳಗೆ ಇಳಿದು ಸೇರುವುದು ಇಂಗುವುದು, ಹೆಚ್ಚಾದದ್ದು ಹೊರಗೆ ಇಳಿದುಹೋಗುವುದು ಬಸಿಯುವುದು. ಕುಂಡಕ್ಕೆ ಎರಡೂ ಬೇಕು, ಕೈಪಿಡಿ ಹೇಳುತ್ತಿರುವುದು ಎರಡನೆಯದನ್ನು. ತಳಕ್ಕೆ ಜಲ್ಲಿ ಹಾಸಿದರೆ ಬಸಿತ ಹೆಚ್ಚುತ್ತದೆ ಎಂಬ ಸಾಲು ಮೂಲದಲ್ಲಿದ್ದರೆ ಅಡಿಟಿಪ್ಪಣಿ ಹಾಕಿ. ಸಣ್ಣ ಕಣಗಳ ಮಿಶ್ರಣ ತನ್ನ ನೀರನ್ನು ದಪ್ಪ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನೀರು ತುಂಬಿದ ಪದರ ತಳದಿಂದ ಮೇಲಕ್ಕೆ, ಬೇರಿರುವ ಎಡೆಗೇ ಏರುತ್ತದೆ. ತೂತುಗಳ ಮೇಲೆ ಒಂದು ತುಂಡು ಬಲೆ ಇಟ್ಟು, ತಳದಿಂದಲೇ ಮಿಶ್ರಣ ತುಂಬಿ, ಅಂಚಿನಿಂದ ಮೂರು ಸೆಂಟಿಮೀಟರ್ ಬಿಡಬೇಕು. ಮೇಲೆ ಸುರಿದ ನೀರು ಒಂದು ನಿಮಿಷದೊಳಗೆ ತಳದಲ್ಲಿ ತೊಟ್ಟಿಕ್ಕಲು ಶುರುವಾಗದೆ ಮೇಲೇ ನಿಂತರೆ ಗಿಡ ನೆಡುವ ಮೊದಲೇ ಹೊರಗೆ ಸುರಿದು ಇನ್ನೊಂದು ಪಾಲು ಭತ್ತದ ಹೊಟ್ಟು ಕಲಸಬೇಕು.