ಕ್ಯಾಸಿನೊ ಸೈಟಿಗೆ ಆಧಾರ್, ಪ್ಯಾನ್ ಕೊಡಬಹುದಾ? ಒಳಗಿರುವ ದುಡ್ಡಿನ ಗತಿ ಏನು?

ಬಸವೇಶ್ವರನಗರದಿಂದ ಪ್ರಶ್ನೆ: ತಮ್ಮನ 38,000 ರೂಪಾಯಿ ಹೊರದೇಶದ ಒಂದು ಆನ್‌ಲೈನ್ ಕ್ಯಾಸಿನೊದಲ್ಲಿ ಸಿಕ್ಕಿಹಾಕಿಕೊಂಡಿದೆ. ತೆಗೆಯೋಕೆ ಹೋದರೆ ಆಧಾರ್, ಪ್ಯಾನ್, ಡೆಬಿಟ್ ಕಾರ್ಡ್ ಹಿಡಿದ ಸೆಲ್ಫಿ ಕೇಳ್ತಿದ್ದಾರೆ. ಸೈಟಲ್ಲಿ ಬೀಗದ ಗುರುತಿದೆ, ಗ್ರಾಹಕರ ಹಣ ಪ್ರತ್ಯೇಕ ಖಾತೆಯಲ್ಲಿದೆ ಅಂತಲೂ ಬರೆದಿದ್ದಾರೆ. ನಂಬಬಹುದಾ?

ಎಚ್‌ಎಸ್‌ಆರ್ ಪೇಮೆಂಟ್ಸ್: ಬೀಗದ ಗುರುತು ಇದ್ದರೆ ನಿಮ್ಮ ಫೋನಿಂದ ಅವರ ಸರ್ವರ್‌ವರೆಗಿನ ದಾರಿಯಲ್ಲಿ ಯಾರೂ ಇಣುಕೋಕಾಗಲ್ಲ, ಅಷ್ಟೇ. ಸರ್ವರ್ ಮುಟ್ಟಿದ ಮೇಲೆ ಯಾರ ಕೈಗೆ ಹೋಗುತ್ತೆ ಅನ್ನೋದು ಅದರಿಂದ ಗೊತ್ತಾಗಲ್ಲ. ಮೋಸದ ಸೈಟಿಗೂ ಆ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತೆ. ಇನ್ನು ಪ್ರತ್ಯೇಕ ಖಾತೆ. ಬ್ರಿಟನ್ನಿನ ಜೂಜು ನಿಯಂತ್ರಣ ಸಂಸ್ಥೆ ಗ್ಯಾಂಬ್ಲಿಂಗ್ ಕಮಿಷನ್ ಇದಕ್ಕೆ ಮೂರು ದರ್ಜೆ ಮಾಡಿದೆ: ರಕ್ಷಣೆ ಇಲ್ಲ, ಮಧ್ಯಮ, ಹೆಚ್ಚು. ಮೊದಲನೇ ದರ್ಜೆಯಲ್ಲೂ ಹಣ ಬೇರೆ ಖಾತೆಯಲ್ಲೇ ಇರುತ್ತೆ, ಆದರೆ ಕಂಪನಿ ದಿವಾಳಿಯಾದ ದಿನ ಅದು ಸಾಲ ಕೊಟ್ಟವರ ಪಾಲು. ಟ್ರಸ್ಟ್ ಖಾತೆ, ಹೊರಗಿನವರ ತಪಾಸಣೆ ಇರೋದು ಮೂರನೇದರಲ್ಲಿ ಮಾತ್ರ. ಬ್ರಿಟನ್ ಲೈಸೆನ್ಸ್ ಇದೆ ಅಂತ ಸೈಟು ಹೇಳಿಕೊಂಡಿದ್ದರೆ ಅದರ ನಂಬರನ್ನು ಕಮಿಷನ್ನಿನ ರಿಜಿಸ್ಟರಿನಲ್ಲಿ ಹುಡುಕಿ, ಅಲ್ಲಿರುವ ಡೊಮೈನ್ ಹೆಸರು ಅಕ್ಷರಕ್ಕಕ್ಷರ ತಾಳೆ ನೋಡಿ. ಲೈಸೆನ್ಸ್ ಮುದ್ರೆ ಒತ್ತಿದರೆ ರಿಜಿಸ್ಟರ್ ತೆರೆಯದ ಬರೀ ಚಿತ್ರವಾಗಿದ್ದರೆ ಅಲ್ಲಿಗೇ ಬಿಡಿ.

ವಿಜಯನಗರ ವಕೀಲ: ಬ್ರಿಟನ್ ಕಥೆ ಯಾರಿಗೆ ಬೇಕು ಸ್ವಾಮಿ? ಬೆಂಗಳೂರಲ್ಲಿ ಕೂತವನಿಗೆ ಆ ರಿಜಿಸ್ಟರಿಂದ ಒಂದು ರೂಪಾಯಿ ವಾಪಸ್ ಬರಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಓದಿ. ದುಡ್ಡಿನಾಟ ನಡೆಸುವವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಬ್ಯಾಂಕುಗಳೂ ಆ ಹಣ ದಾಟಿಸುವಂತಿಲ್ಲ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ, ಹಾಗಾಗಿ ತಮ್ಮ ದೂರು ಕೊಡೋಕೆ ಹೆದರಬೇಕಿಲ್ಲ.

ಎಚ್‌ಎಸ್‌ಆರ್ ಪೇಮೆಂಟ್ಸ್: ಅವರು ಕೇಳಿದ್ದು ಸೈಟಿನ ಮಾತು ನಂಬಬಹುದಾ ಅಂತ. ಪರೀಕ್ಷೆ ಮಾಡೋ ದಾರಿ ಹೇಳಿದೆ. ಕಾಯ್ದೆ ಓದಿಸಿದರೆ ಅದು ಗೊತ್ತಾಗುತ್ತಾ?

ರಾಜಾಜಿನಗರ ಬ್ಯಾಂಕ್: ಇಬ್ಬರೂ ನಿಜವಾದ ಅಪಾಯ ಬಿಟ್ಟಿರಿ. ಇಂಥ ಸೈಟಿಗೆ ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಯುಪಿಐ ಐಡಿ ಬರುತ್ತೆ, ಹೆಸರು ಯಾವುದೋ ಬಟ್ಟೆ ಅಂಗಡಿಯದ್ದು. ವಾಪಸ್ ಬರುವಾಗಲೂ ಯಾರೋ ಗುರುತಿಲ್ಲದವರ ಖಾತೆಯಿಂದ. ಅದು ಬಾಡಿಗೆ ಖಾತೆ, ಅಂದರೆ ಮೋಸಗಾರರು ದುಡ್ಡು ಕೊಟ್ಟು ಬಳಸೋ ಬೇರೆಯವರ ಖಾತೆ. ಅದರ ಮೇಲೆ ಯಾರಾದರೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದರೆ, ಹಣ ಹೋದ ದಾರಿಯಲ್ಲಿರುವ ಖಾತೆಗಳಿಗೆಲ್ಲ ತಡೆ ಬೀಳಬಹುದು, ತಮ್ಮನ ಸಂಬಳದ ಖಾತೆಗೂ. ಖಾತೆಯಿಂದ ಏನೂ ತೆಗೆಯೋಕಾಗದ ಪೂರ್ತಿ ಡೆಬಿಟ್ ಫ್ರೀಜಾ, ಇಷ್ಟು ಮೊತ್ತಕ್ಕೆ ಮಾತ್ರ ತಡೆ ಇರುವ ಲಿಯನ್ನಾ ಅಂತ ಮೊದಲು ಕೇಳಿ. ಬ್ರಾಂಚ್ ಮ್ಯಾನೇಜರ್ ತಾವಾಗಿ ತೆಗೆಯೋಕಾಗಲ್ಲ, ಅವರ ಹತ್ರ ಕೂಗಾಡಿ ಫಲವಿಲ್ಲ. ದೂರಿನ ಸಂಖ್ಯೆ, ಯಾವ ರಾಜ್ಯದ ಯಾವ ಸೈಬರ್ ಠಾಣೆ, ತನಿಖಾಧಿಕಾರಿಯ ಇಮೇಲ್, ಈ ಮೂರನ್ನೂ ಬರಹದಲ್ಲಿ ತಗೊಳ್ಳಿ.

ಬೆಳ್ಳಂದೂರು ವಾಲೆಟ್: ಅದಕ್ಕೇ ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ ಯುಎಸ್‌ಡಿಟಿ ವಾಸಿ ಅನ್ನೋದು. ಬ್ಯಾಂಕ್ ತಂಟೆಯೇ ಇಲ್ಲ.

ರಾಜಾಜಿನಗರ ಬ್ಯಾಂಕ್: ರೀ, ಜನರ ದಾರಿ ತಪ್ಪಿಸಬೇಡಿ. ಯುಎಸ್‌ಡಿಟಿ ರೂಪಾಯಿ ಆಗೋದು ಎಲ್ಲಿ? ಪಿ2ಪಿಯಲ್ಲಿ, ಅಂದರೆ ನೇರ ಇನ್ನೊಬ್ಬ ವ್ಯಕ್ತಿಗೆ, ಮಾರಿದರೆ ಕೊಳ್ಳುವವನು ಕಳಿಸೋದೂ ಅದೇ ಬಾಡಿಗೆ ಖಾತೆಯ ಹಣ ಆಗಿರಬಹುದು. ಯುಎಸ್‌ಡಿಟಿ ಓಡಾಡುವ ಬ್ಲಾಕ್‌ಚೈನ್ ಜಾಲಗಳು ಹಲವು; ಅದರಲ್ಲೊಂದಾದ ಟ್ರಾನ್ ಜಾಲದ ವಿಳಾಸ ಇರುವ ಕಡೆ ಬೇರೆ ಜಾಲ ಆರಿಸಿ ಕಳಿಸಿದರೆ ದುಡ್ಡು ಸಿಗದೇ ಹೋಗಬಹುದು, ವಾಪಸ್ ತರೋಕೆ ಬ್ಯಾಂಕೂ ಇಲ್ಲ.

ಬೆಳ್ಳಂದೂರು ವಾಲೆಟ್: ಜಾಲ ನೋಡದೆ ಕಳಿಸೋದು ಕಳಿಸುವವನ ತಪ್ಪು. ಮೊದಲು ಸಣ್ಣ ಮೊತ್ತ ಕಳಿಸಿ ನೋಡಬೇಕು. ನನ್ನ ಮಾತು ಬದಲಾಗಲ್ಲ.

ಜಯನಗರ ಲೆಕ್ಕಪತ್ರ: ನಿಮ್ಮ ಜಗಳ ಆಮೇಲೆ. 'ಮೊದಲು 30% ತೆರಿಗೆ ಕಟ್ಟಿ, ಆಮೇಲೆ ವಿತ್‌ಡ್ರಾ' ಅಂತ ಕೇಳಿದ್ದಾರಾ? ಹಾಗಿದ್ದರೆ ಅದು ಶುದ್ಧ ಮೋಸ. 2023ರ ಏಪ್ರಿಲ್‌ನಿಂದ ಇರುವ ನಿಯಮದಂತೆ ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಗೆದ್ದ ಹಣದಲ್ಲೇ ಕಡಿತ, ಆಟಗಾರ ಕೈಯಿಂದ ಕಟ್ಟೋದಲ್ಲ. ದಾಖಲೆ ವಿಷಯಕ್ಕೆ ಬಂದರೆ, ಕಾರ್ಡಿನ ಹಿಂದಿನ 3 ಅಂಕಿ ಯಾವ ಸೈಟೂ ಇಟ್ಟುಕೊಳ್ಳುವಂತಿಲ್ಲ. ನಿಯಮ ಪಾಲಿಸುವವರು ಕಾರ್ಡಿನ ಮುಂಭಾಗದ ನಂಬರಿನ ನಡುವಿನ ಅಂಕಿಗಳನ್ನೂ ಮುಚ್ಚಿ ಫೋಟೊ ಕಳಿಸಿ ಅಂತಾರೆ. ಮುಚ್ಚದೆ ಕೇಳುವವರಿಗೆ ಕೊಡಲೇಬೇಡಿ.

ಎಚ್‌ಎಸ್‌ಆರ್ ಪೇಮೆಂಟ್ಸ್: ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಬಹುದಲ್ಲ?

ಜಯನಗರ ಲೆಕ್ಕಪತ್ರ: ಜೊತೆಗೆ ಪ್ಯಾನ್, ಸೆಲ್ಫಿ ಹೋದ ಮೇಲೆ ಮಾಸ್ಕಿಂದ ಏನು ಪ್ರಯೋಜನ ಸರ್? ಆ ಮೂರು ಸೇರಿದರೆ ಬೇರೆಯವರು ಸಾಲಕ್ಕೆ ಅರ್ಜಿ ಹಾಕೋ ಪ್ರಯತ್ನ ಮಾಡಬಹುದು. ಈಗಾಗಲೇ ಕೊಟ್ಟಿದ್ದರೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ತಮ್ಮನ ಹೆಸರಿಗೆ ಎಷ್ಟು ಸಿಮ್ ಇವೆ ನೋಡಿ. ಯಾರ ಹೆಸರಲ್ಲಿ ಯಾವ ಸಾಲ ಇದೆ ಅಂತ ದಾಖಲಿಸುವ ನಾಲ್ಕು ಕ್ರೆಡಿಟ್ ಬ್ಯೂರೋಗಳಲ್ಲೂ ವರ್ಷಕ್ಕೊಂದು ವರದಿ ಉಚಿತ. ನಾಲ್ಕನ್ನೂ ಒಟ್ಟಿಗೆ ತೆಗೆಯಬೇಡಿ, ಮೂರು ತಿಂಗಳಿಗೊಂದರಂತೆ ತೆಗೆಯಿರಿ.

ಬಸವೇಶ್ವರನಗರ: ತೆರಿಗೆ ಕೇಳಿದ್ದಾರೆ ಮೇಡಂ, 11,400. ಆ್ಯಪ್ ಕೂಡ ಪ್ಲೇ ಸ್ಟೋರಿಂದಲ್ಲ, ಅವರು ನೇರವಾಗಿ ಕಳಿಸಿದ ಎಪಿಕೆ (ಆ್ಯಪ್ ಹಾಕೋ ಫೈಲ್).

ರಾಜಾಜಿನಗರ ಬ್ಯಾಂಕ್: ಒಂದು ಪೈಸೆ ಕಟ್ಟಬೇಡಿ. ಈಗಲೇ ತಮ್ಮನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಚಾಟ್, ಯುಪಿಐ ವಿವರ ಎಲ್ಲದರ ಫೋಟೊ ಇನ್ನೊಂದು ಫೋನಲ್ಲಿ ತೆಗೆದುಕೊಳ್ಳಿ. ಆಮೇಲೆ ಸೆಟ್ಟಿಂಗ್ಸಲ್ಲಿ ಆ ಆ್ಯಪಿನ ಆಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಎರಡೂ ಆಫ್ ಮಾಡಿ ಅನ್‌ಇನ್‌ಸ್ಟಾಲ್ ಮಾಡಿ. ಬಿಡದಿದ್ದರೆ, ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡಲ್ಲಿ ತೆಗೆಯಿರಿ. ಅದಕ್ಕೆ ಎಸ್‌ಎಂಎಸ್ ಅನುಮತಿ ಕೊಟ್ಟಿದ್ದರೆ ಓಟಿಪಿ ಎಲ್ಲ ಅವರಿಗೇ ಕಾಣ್ತಿರುತ್ತೆ, ಹಾಗಾಗಿ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡನ್ನು ಇನ್ನೊಂದು ಫೋನಿಂದ ಬದಲಿಸಿ. ಯುಪಿಐ ಆಟೋಪೇ ಪಟ್ಟಿಯಲ್ಲಿ ಗುರುತಿಲ್ಲದ್ದು ಇದ್ದರೆ ರದ್ದು ಮಾಡಿ. 1930ಕ್ಕೂ ಈಗಲೇ ಫೋನ್ ಮಾಡಿ, ತಮ್ಮನ ಫೋನಿಂದ ಬೇಡ, ನಿಮ್ಮದರಿಂದ.