ಪಿಎಸ್‌ಯುಟಿಲ್ ಕೋಡ್ ಹಾಕಿಕೊಂಡೆ, ಪ್ರತಿ ಪ್ರೊಸೆಸ್‌ಗೂ ಸಿಪಿಯು 0.0 ಅಂತಲೇ ಬರುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಒಂದು ಲಿನಕ್ಸ್ ಸರ್ವರ್ ಮೇಲೆ ಕಣ್ಣಿಡಲು ಪೈಥಾನ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಪಿಎಸ್‌ಯುಟಿಲ್ (ಪ್ರೊಸೆಸ್, ಸಿಪಿಯು, ಮೆಮೊರಿ ಮಾಹಿತಿ ಕೊಡುವ ಪೈಥಾನ್ ಲೈಬ್ರರಿ) ಪೂರ್ತಿ ಯಾಕೆ ಅಂತ ಅದರ ಸೋರ್ಸ್‌ನಿಂದ ಬೇಕಾದ ನಾಲ್ಕೈದು ಫಂಕ್ಷನ್ ಮಾತ್ರ ನನ್ನ ಫೈಲಿಗೆ ಕಾಪಿ ಮಾಡಿಕೊಂಡೆ. 10 ಸೆಕೆಂಡಿಗೊಮ್ಮೆ ಲೂಪ್ ಓಡುತ್ತದೆ, ಪ್ರತಿ ಸಲ ಪಿಐಡಿ (ಪ್ರೊಸೆಸ್‌ನ ಗುರುತಿನ ಸಂಖ್ಯೆ) ಪಟ್ಟಿ ತೆಗೆದು ಒಂದೊಂದಕ್ಕೂ ಹೊಸ ಆಬ್ಜೆಕ್ಟ್ ಮಾಡಿ ಸಿಪಿಯು ಎಷ್ಟು ಅಂತ ಕೇಳುತ್ತೇನೆ. ಎಲ್ಲಕ್ಕೂ 0.0. ಟಾಪ್ ಕಮಾಂಡಿನಲ್ಲಿ ನೋಡಿದರೆ ಡೇಟಾಬೇಸ್ ಒಂದೇ 80 ಪರ್ಸೆಂಟ್ ತಿನ್ನುತ್ತಿದೆ! ಡಾಕರ್ ಕಂಟೇನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡಿಸುವ ಡಬ್ಬಿ) ಒಳಗೆ ಓಡಿಸಿದರೆ ಇನ್ನೊಂದು ತೊಂದರೆ, 2 ಜಿಬಿ ಮಿತಿ ಕೊಟ್ಟಿದ್ದರೂ ಮೆಮೊರಿ 32 ಜಿಬಿ ಅಂತ ಬರುತ್ತದೆ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ 1:
ತಪ್ಪಿರೋದು "ಹೊಸ ಆಬ್ಜೆಕ್ಟ್" ಅನ್ನೋ ಕಡೆ. ಪರ್ಸೆಂಟ್ ಅನ್ನೋದನ್ನು ಕರ್ನಲ್ (ಲಿನಕ್ಸ್‌ನ ಒಳತಿರುಳು) ಕೊಡೋದೇ ಇಲ್ಲ. ಪ್ರೊಸೆಸ್ ಶುರುವಾದಾಗಿನಿಂದ ಒಟ್ಟು ಎಷ್ಟು ಸಿಪಿಯು ಸಮಯ ಬಳಸಿದೆ ಅಂತ ಪ್ರೋಕ್ ಫೋಲ್ಡರಿನ ಸ್ಟ್ಯಾಟ್ ಫೈಲಿನಲ್ಲಿ ಬರೆದಿಡುತ್ತದೆ, ಅಷ್ಟೇ. ಎರಡು ಸಲ ಓದಿ ವ್ಯತ್ಯಾಸ ತೆಗೆದರೆ ಮಾತ್ರ ಪರ್ಸೆಂಟ್ ಸಿಗುತ್ತದೆ. ಮೊದಲ ಸಲ ಓದಿದ್ದು ಆ ಆಬ್ಜೆಕ್ಟ್ ಒಳಗೇ ಇರುತ್ತದೆ, ನೀವು ಪ್ರತಿ ಸುತ್ತಿನಲ್ಲೂ ಅದನ್ನು ಬಿಸಾಕಿ ಮತ್ತೆ "ಮೊದಲ ಸಲ"ಕ್ಕೇ ಬರುತ್ತಿದ್ದೀರಿ.

ಪಿಎಸ್‌ಯುಟಿಲ್‌ನ ಪ್ರೊಸೆಸ್ ಇಟರ್ ಫಂಕ್ಷನ್ ಹಳೆ ಆಬ್ಜೆಕ್ಟ್‌ಗಳನ್ನು ಉಳಿಸಿಕೊಳ್ಳುತ್ತದೆ, ಅದನ್ನೇ ಬಳಸಿ. ಮೊದಲ ಸುತ್ತಿನ 0.0 ಲೆಕ್ಕಕ್ಕಿಲ್ಲ, ಬಿಟ್ಟುಬಿಡಿ.

ದಯವಿಟ್ಟು ತುಂಡು ತುಂಡಾಗಿ ಕಾಪಿ ಮಾಡಬೇಡಿ. ಒಂದು ಪ್ರೊಸೆಸ್ ಸತ್ತ ಮೇಲೆ ಅದೇ ಪಿಐಡಿ ಬೇರೆಯದಕ್ಕೆ ಸಿಗಬಹುದು, ಅದಕ್ಕೇ ಆ ಲೈಬ್ರರಿ ಪಿಐಡಿ ಜೊತೆ ಶುರುವಾದ ಸಮಯವನ್ನೂ ನೋಡುತ್ತದೆ. ವರ್ಚುವಲ್ ಮಷೀನ್ ಓಡಿಸುವ ಸರ್ವರಿನಲ್ಲಿ ಗೆಸ್ಟ್ ಸಮಯ (ಆ ಮಷೀನ್‌ಗಳಿಗೆ ಹೋದ ಸಿಪಿಯು ಸಮಯ) ಯೂಸರ್ ಸಮಯದೊಳಗೇ (ಸಾಮಾನ್ಯ ಪ್ರೋಗ್ರಾಂಗಳ ಸಮಯ) ಸೇರಿರುತ್ತದೆ, ಸುಮ್ನೆ ಎಲ್ಲಾ ಕೂಡಿದರೆ ಎರಡು ಸಲ ಎಣಿಸಿದ ಹಾಗಾಗುತ್ತದೆ. ಇಂಥದ್ದನ್ನೆಲ್ಲ ಯಾರೋ ಪೆಟ್ಟು ತಿಂದು ಸರಿಮಾಡಿ ಇಟ್ಟಿದ್ದಾರೆ. ನಾಲ್ಕು ಫಂಕ್ಷನ್ ಕಿತ್ತುಕೊಂಡರೆ ಅದು ಜೊತೆಗೆ ಬರೋದಿಲ್ಲ, ಅಲ್ವಾ?

ಉತ್ತರ 2:
ಲೈಸೆನ್ಸ್ ಕೂಡ ನೋಡಿ. ಪಿಎಸ್‌ಯುಟಿಲ್ ಇರೋದು 3 ಷರತ್ತಿನ ಬಿಎಸ್‌ಡಿ ಲೈಸೆನ್ಸಿನಲ್ಲಿ. ಕಾಪಿ ಮಾಡಬಹುದು, ಆದರೆ ಕೋಡನ್ನು ಬೇರೆಯವರಿಗೆ ಕೊಡುವಾಗ ಮೂಲದ ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಜೊತೆಗಿರಲೇಬೇಕು. ಎಚ್‌ಟಾಪ್‌ನಿಂದ (ಟಾಪ್ ತರಹದ ಇನ್ನೊಂದು ಟೂಲ್) ತೆಗೆದುಕೊಂಡರೆ ಅದರ ಲೈಸೆನ್ಸ್ ಜಿಪಿಎಲ್, ಹೊರಗೆ ಹಂಚಿದಾಗ ನಿಮ್ಮ ಸೋರ್ಸನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕಾಗುತ್ತದೆ.

ಕಂಟೇನರ್ ವಿಷಯ: ಒಳಗಿನಿಂದ ಪ್ರೋಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲ್ ಓದಿದರೂ ಕಾಣೋದು ಇಡೀ ಮಷೀನಿನ ಮೆಮೊರಿ. ನಿಮ್ಮ ಮಿತಿ ಇರೋದು ಸಿಗ್ರೂಪ್‌ನಲ್ಲಿ (ಪ್ರೊಸೆಸ್ ಗುಂಪಿಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆ). ಆವೃತ್ತಿ 2 ಆದರೆ ಮೆಮೊರಿ ಡಾಟ್ ಮ್ಯಾಕ್ಸ್ ಫೈಲಿನಲ್ಲಿ ಮಿತಿ, ಮೆಮೊರಿ ಡಾಟ್ ಕರೆಂಟ್‌ನಲ್ಲಿ ಬಳಕೆ. ಮಿತಿ ಇಲ್ಲದಿದ್ದರೆ ಸಂಖ್ಯೆಯ ಬದಲು "ಮ್ಯಾಕ್ಸ್" ಅನ್ನೋ ಪದ ಇರುತ್ತದೆ, ಅದನ್ನು ಸಂಖ್ಯೆ ಮಾಡಲು ಹೋದರೆ ಸ್ಕ್ರಿಪ್ಟ್ ನಿಂತುಹೋಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಕಾಪಿ ಮಾಡಿದ್ದನ್ನೆಲ್ಲ ಅಳಿಸಿ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ಹಾಕುವ ಟೂಲ್) ಲೈಬ್ರರಿಯನ್ನೇ ಹಾಕಿಕೊಂಡೆ, ಎರಡನೇ ಸುತ್ತಿನಿಂದಲೇ ಸರಿಯಾಗಿ ಬರುತ್ತಿದೆ. ಆದರೆ ಕಂಟೇನರ್ ಬಳಕೆ 1.9 ಜಿಬಿ ಅನ್ನುತ್ತಿದೆ, ಆಪ್ ಅಷ್ಟು ತಿನ್ನೋದಿಲ್ಲ. ಒಂದು ಪ್ರೊಸೆಸ್ ಸಿಪಿಯು 230 ಪರ್ಸೆಂಟ್ ಅಂತಲೂ ಬಂತು.

ಉತ್ತರ 2:
ಆ 1.9ರಲ್ಲಿ ಫೈಲ್ ಕ್ಯಾಶ್ (ಫೈಲುಗಳ ವಿಷಯವನ್ನು ಕರ್ನಲ್ ಮೆಮೊರಿಯಲ್ಲಿ ಇಟ್ಟುಕೊಂಡಿದ್ದು) ಕೂಡ ಸೇರಿದೆ. ಮೆಮೊರಿ ಡಾಟ್ ಸ್ಟ್ಯಾಟ್‌ನಲ್ಲಿ ಇನ್‌ಆಕ್ಟಿವ್ ಫೈಲ್ ಅಂತ ಇರುತ್ತದೆ, ಅದನ್ನು ಕಳೆಯಿರಿ. ಡಾಕರ್ ಸ್ಟ್ಯಾಟ್ಸ್ ಕಮಾಂಡ್ ಮಾಡೋದೂ ಅದನ್ನೇ. 230 ತಪ್ಪಲ್ಲ, ಒಂದು ಕೋರ್ ಪೂರ್ತಿ ಬಳಸಿದರೆ 100 ಅಂತ ಲೆಕ್ಕ, ಆ ಪ್ರೊಸೆಸ್‌ನ ಥ್ರೆಡ್‌ಗಳು ಒಂದಕ್ಕಿಂತ ಜಾಸ್ತಿ ಕೋರ್‌ಗಳಲ್ಲಿ ಓಡುತ್ತಿವೆ. ಇಡೀ ಸರ್ವರಿನ ಪಾಲು ಬೇಕಿದ್ದರೆ ಕೋರ್‌ಗಳ ಸಂಖ್ಯೆಯಿಂದ ಭಾಗಿಸಿ.